ಚಳಿಗಾಲದ ಬಚ್ಚಲೊಲೆಯೂ ಸೌದೆಯ ಮಿತವ್ಯಯವೂ

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯು ಬಲಿಯುತ್ತಲೇ ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯು ಬೆಳಗಿನಿಂದ ರಾತ್ರಿಯವರೆಗೆ ಉರಿಯತೊಡಗುತ್ತದೆ. ಅಡಿಗೆಗೆ ಅನಿಲದ ಸಿಲಿಂಡರು ಬಂದಿರುವ ಮನೆಗಳಲ್ಲಿಯೂ ಸ್ನಾನದ ನೀರಿಗೆ ಹಂಡೆ, ಸೌದೆಗಳನ್ನೇ ನಂಬಿರುವುದು ಸಾಮಾನ್ಯ. ಇದು ಕೇವಲ ಮನೆವಾರ್ತೆಯ ವಿಷಯವೆಂದು ಭಾವಿಸತಕ್ಕದ್ದಲ್ಲ. ಅಡಿಕೆಯ ತೋಟಕ್ಕೆ ಸೊಪ್ಪು ಬರುವುದೂ ಒಲೆಗೆ ಸೌದೆ ಬರುವುದೂ ಒಂದೇ ಬೆಟ್ಟದಿಂದ. ಸೌದೆಗಾಗಿ ಮರಗಳು ಬೋಳಾದಲ್ಲಿ ತೋಟದ ಗೊಬ್ಬರವೇ ಕುಂದುವುದು. ಬಯಲುಸೀಮೆಯಲ್ಲಿ ಬೆರಣಿಯನ್ನು ಸುಡುವವರ ನಷ್ಟವೂ ಇದೇ ಬಗೆಯದು. ಸಗಣಿಯ ಸಾರಜನಕವು ಹೊಗೆಯೊಡನೆ ಹೋಗಿ, ಹೊಲಕ್ಕೆ ಬೂದಿಯೊಂದೇ ಉಳಿಯುತ್ತದೆ.

ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಒಂದು ಕಿಲೊಕ್ಯಾಲರಿ ಶಾಖವು ಬೇಕು. 20 ಡಿಗ್ರಿಯ 60 ಲೀಟರು ನೀರನ್ನು 45 ಡಿಗ್ರಿಗೆ ತರಲು 1,500 ಕಿಲೊಕ್ಯಾಲರಿ ಸಾಕು. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೋಗ್ರಾಮಿನಲ್ಲಿ 3,500ರಿಂದ 4,000 ಕಿಲೊಕ್ಯಾಲರಿಗಳಷ್ಟು ಶಾಖವಿರುವುದರಿಂದ, ಶಾಖವು ಪೋಲಾಗದಿದ್ದರೆ ಅರ್ಧ ಕಿಲೋಗ್ರಾಂ ಸೌದೆಯೂ ಬೇಕಾಗಲಾರದು. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಪಾತ್ರೆಗೆ ತಗಲುವುದು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಮಾತ್ರ. ಆದಕಾರಣ ಅದೇ ನೀರಿಗೆ ಸುಮಾರು ನಾಲ್ಕು ಕಿಲೋಗ್ರಾಂ ಸೌದೆಯು ಖರ್ಚಾಗುತ್ತದೆ.

ಇದು ಒಣಸೌದೆಯ ಲೆಕ್ಕ. ಹಸಿಸೌದೆಯ ಲೆಕ್ಕವು ಇದಕ್ಕಿಂತ ಕೆಟ್ಟದು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಿ ಹೋಗುವವರೆಗೆ ಬೆಂಕಿಯು ಅದನ್ನೇ ಕಾಯಿಸಬೇಕು. ಹಂಡೆಯ ಸರದಿ ಆಮೇಲೆ. ಕಾರ್ತಿಕ ಮಾಸದಲ್ಲಿ ಅವಸರದಿಂದ ಹಸಿಸೌದೆಯನ್ನು ತೂಕದ ಮೇಲೆ ಕೊಳ್ಳುವವರು ಸೌದೆಯ ಬೆಲೆಯನ್ನು ನೀರಿಗೆ ತೆರುತ್ತಾರೆ. ಕೊಳ್ಳುವಾಗ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡತಕ್ಕದ್ದು: ಒಣಗಿದ್ದರೆ ಟಣ್ ಎಂದು ನುಡಿಯುವುದು, ತುದಿಗಳಲ್ಲಿ ಬಿರುಕು ಕಾಣುವುದು. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟಿದರೆ ಅದು ಹಸಿ. ಹಿಂದಿನವರು ಬೇಸಗೆಯಲ್ಲಿಯೇ ಸೌದೆಯನ್ನು ಸೀಳಿ, ಮಳೆಗೆ ಮುಂಚೆ ಕೊಟ್ಟಿಗೆ ತುಂಬುತ್ತಿದ್ದುದು ಸುಮ್ಮನೆಯಲ್ಲ. ತುಂಡುಗಳು ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ, ಗಾಳಿಯಾಡುವಂತೆ ಒಟ್ಟತಕ್ಕದ್ದು.

ಒಲೆಯನ್ನು ತಿದ್ದುವುದು ಎರಡನೆಯ ಕೆಲಸ. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿಯಿದ್ದರೆ ಬೂದಿಯು ಉದುರಿ ಗಾಳಿಯು ಅಡಿಯಿಂದ ಬರುತ್ತದೆ, ಕೆಂಡವು ಪೂರ್ತಿ ಉರಿಯುತ್ತದೆ. ಒಲೆಯ ಬಾಯಿಯನ್ನು ಕಿರಿದುಮಾಡಿ, ಹಂಡೆಯ ಸುತ್ತ ಎರಡು ಬೆರಳಿನಷ್ಟು ಎಡೆಬಿಟ್ಟು ಗೋಡೆಯನ್ನು ಕಟ್ಟಿದಲ್ಲಿ, ಜ್ವಾಲೆಯು ಹಂಡೆಯ ಮೈಯನ್ನು ಬಳಸಿಕೊಂಡು ಹೊಗೆಕೊಳವೆಗೆ ಹೋಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ಅಡಿಗೆಗಾಗಿ ರೂಪಿಸಿದ ಅಸ್ತ್ರ ಒಲೆಯಲ್ಲಿ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಕೊಳವೆ ಎಂಬ ಈ ಅಂಶಗಳೇ ಮುಖ್ಯವಾದವು. ಹಂಡೆಗೆ ಮುಚ್ಚಳವು ಅವಶ್ಯಕ. ತೆರೆದ ಬಾಯಿಂದ ಏಳುವ ಹಬೆಯೊಡನೆ ಶಾಖವೂ ಹೋಗುತ್ತದೆ. ಹಂಡೆಯ ಹೊರಗಿನ ದಪ್ಪ ಮಸಿಯನ್ನು ಆಗಾಗ್ಗೆ ಕೆರೆದು ತೆಗೆಯತಕ್ಕದ್ದು.

ಮರದ ನೆರಳಿಲ್ಲದ ಮಾಡಿರುವವರು ಸೂರ್ಯಶಾಖದ ನೀರುಹಂಡೆಯನ್ನು ಇಡಿಸಬಹುದು. ಚಳಿಗಾಲದಲ್ಲಿ ಆಕಾಶವು ಬಹುಮಟ್ಟಿಗೆ ನಿರ್ಮಲವಾಗಿರುವುದು ಅದಕ್ಕೆ ಅನುಕೂಲ. ಗೋಬರ್ ಅನಿಲದ ಗುಂಡಿಯುಳ್ಳವರಿಗೆ ಬೆರಣಿಯ ನಷ್ಟವಿಲ್ಲ, ಬಗ್ಗಡವು ಗೊಬ್ಬರವಾಗಿಯೇ ಉಳಿಯುತ್ತದೆ. ಆದರೆ ಚಳಿಯಲ್ಲಿ ಅಲ್ಲಿನ ಸೂಕ್ಷ್ಮಜೀವಿಗಳು ಮಂದವಾಗಿ ಅನಿಲವು ಇಳಿಯುವುದರಿಂದ, ಗುಂಡಿಯ ಮೇಲೂ ಸುತ್ತಲೂ ಹುಲ್ಲು, ತರಗೆಲೆಗಳನ್ನು ದಪ್ಪನಾಗಿ ಹೊದಿಸತಕ್ಕದ್ದು.

ತಮ್ಮ ಮನೆಯ ಒಲೆಯನ್ನು ತಿದ್ದಿಸಿಯೂ ಆಳುಗಳ ಬಿಡಾರದಲ್ಲಿ ಮೂರು ಕಲ್ಲುಗಳನ್ನೇ ಬಿಟ್ಟಿರುವ ಜಮೀನುದಾರರುಂಟು. ಬಿಡಾರದ ಹೆಂಗಸರು ಹೊರೆ ಹೊತ್ತು ತರುವ ಸೌದೆಯೂ ಅದೇ ಬೆಟ್ಟದ್ದು. ಜಾಲರಿಗೆ ಬೇಕಾದ ಕಬ್ಬಿಣದ ಸರಳುಗಳನ್ನು ಒದಗಿಸಿ, ಮಣ್ಣಿನ ಕೆಲಸ ಬಲ್ಲವನೊಬ್ಬನಿಂದ ಪ್ರತಿ ಬಿಡಾರಕ್ಕೂ ಒಲೆ ಹಾಕಿಸುವುದಕ್ಕೆ ಬೇಸಗೆಯು ತಕ್ಕ ಕಾಲ. ಮಳೆಗಾಲಕ್ಕೆ ಮುಂಚೆ ಮಣ್ಣು ಚೆನ್ನಾಗಿ ಒಣಗುವುದು.