ಸುತ್ತು ಎಣಿಸುವ ಮೂರು ತಂತಿಗಳು

ಪಂಪ್‌ಸೆಟ್ಟಿನ ಮೋಟಾರಿಗೆ ಬಡಿದಿರುವ ತಗಡಿನ ಫಲಕವನ್ನು ಒರೆಸಿ ನೋಡಿದರೆ ಎಷ್ಟೋ ಸಲ ‘1440 ಆರ್‌ಪಿಎಂ’ ಎಂಬ ಬರಹ ಕಾಣುತ್ತದೆ. ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24. ಮೋಟಾರು ನಿಜವಾಗಿ ಅಷ್ಟು ತಿರುಗುತ್ತಿದೆಯೇ? ಕಣ್ಣಿಗೆ ಅದು ನಿಲುಕದು. ಕಾಲೇಜು ಲ್ಯಾಬುಗಳಲ್ಲಿ, ಕಾರ್ಖಾನೆಗಳಲ್ಲಿ ಈ ಲೆಕ್ಕ ಹಿಡಿಯುವುದು ಒಂದು ಪುಟ್ಟ ಹಾಲ್ ಸೆನ್ಸರ್ ಮತ್ತು ಕಂಪ್ಯೂಟರಿಗೆ ಜೋಡಿಸಿದ ಡೇಟಾ ಅಕ್ವಿಸಿಷನ್ ಬೋರ್ಡ್.

ವಿದ್ಯುತ್ ಹರಿಯುವ ತೆಳುವಾದ ಚಿನ್ನದ ಹಾಳೆಯನ್ನು ಅಯಸ್ಕಾಂತದ ಎದುರು ಹಿಡಿದರೆ ಅದರ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆಂದು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಕೊಂಡ. ಇಂದಿನ ಸೆನ್ಸರ್‌ನಲ್ಲಿ ಚಿನ್ನದ ಜಾಗಕ್ಕೆ ಅರೆವಾಹಕ ಬಂದಿದೆ. ಶಾಫ್ಟಿಗೆ ಅಂಟಿಸಿದ ಅಯಸ್ಕಾಂತ ಎದುರು ಹಾದಾಗಲೆಲ್ಲ ಒಂದು ಪಲ್ಸ್. ಬೋರ್ಡಿನ ಕೌಂಟರ್ ಮಾಡುವುದು ಅದನ್ನು ಎಣಿಸುವ ಕೆಲಸ ಮಾತ್ರ.

ಜೋಡಣೆಯಲ್ಲೇ ಎಚ್ಚರ ಬೇಕು. ಕಾರ್ಖಾನೆಗಳಲ್ಲಿ ಬಳಸುವ ಮೂರು ತಂತಿಯ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಕಂದು ತಂತಿ ಪ್ಲಸ್, ನೀಲಿ ಗ್ರೌಂಡ್, ಕಪ್ಪು ಸಿಗ್ನಲ್. ಎನ್‌ಪಿಎನ್ ಬಗೆಯದಾದರೆ ಕಪ್ಪು ತಂತಿ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಅಯಸ್ಕಾಂತ ಬಂದಾಗ ಗ್ರೌಂಡಿಗೆ ಕೂಡಿಕೊಳ್ಳುತ್ತದೆ, ಹೋದಾಗ ಎಲ್ಲಿಗೂ ಸೇರದೆ ಉಳಿಯುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೋಟಾರ್ ಕೇಬಲ್ಲಿನ ಗದ್ದಲವನ್ನೂ ಕೌಂಟರ್ ಸುತ್ತೆಂದೇ ಎಣಿಸುತ್ತದೆ. ಅದಕ್ಕೇ ಬೋರ್ಡಿನ 5 ವೋಲ್ಟ್‌ನಿಂದ ಕಪ್ಪು ತಂತಿಗೆ 4.7 ಕಿಲೋಓಮ್‌ನಂಥ ಒಂದು ಪುಲ್-ಅಪ್ ರೆಸಿಸ್ಟರ್ ಹಾಕುತ್ತಾರೆ. ಕೆಲವು ಬೋರ್ಡುಗಳಲ್ಲಿ ಅದು ಒಳಗೇ ಇರುತ್ತದೆ. ಸೆನ್ಸರಿನ ಮತ್ತು ಬೋರ್ಡಿನ ಗ್ರೌಂಡ್ ಒಂದಾಗಿರಲೇಬೇಕು.

ಟಿಟಿಎಲ್ ಕೌಂಟರಿಗೆ 0.8 ವೋಲ್ಟ್‌ಗಿಂತ ಕೆಳಗಿನದು ಸೊನ್ನೆ, 2 ವೋಲ್ಟ್‌ಗಿಂತ ಮೇಲಿನದು ಒಂದು. ನಡುವೆ ತೊಯ್ದಾಡುವ ಸಿಗ್ನಲ್ ಒಂದೇ ಪಲ್ಸನ್ನು ಮೂರಾಗಿಸಬಹುದು. ಇದಕ್ಕೆ ಮದ್ದು ಸ್ಮಿಟ್ ಟ್ರಿಗರ್: ಏರುವಾಗ ಒಂದು ಗಡಿ, ಇಳಿಯುವಾಗ ಇನ್ನೊಂದು. 1930ರ ದಶಕದಲ್ಲಿ ಇದನ್ನು ರೂಪಿಸಿದ ಆಟೊ ಸ್ಮಿಟ್‌ಗೆ ಹೊಳಹು ಸಿಕ್ಕಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ನರಗಳ ಅಧ್ಯಯನದಿಂದ.

ಇನ್ನು ಲೆಕ್ಕ. ಒಂದೇ ಅಯಸ್ಕಾಂತವಿಟ್ಟು ಒಂದು ಸೆಕೆಂಡು ಎಣಿಸಿದರೆ 24 ಪಲ್ಸ್. ಒಂದು ಪಲ್ಸ್ ತಪ್ಪಿದರೂ 60 ಆರ್‌ಪಿಎಂ ವ್ಯತ್ಯಾಸ! 60 ಹಲ್ಲಿನ ಚಕ್ರವಾದರೆ ಸೆಕೆಂಡಿಗೆ 1440 ಪಲ್ಸ್, ಎಣಿಕೆಯೇ ಆರ್‌ಪಿಎಂ. ಚಕ್ರವಿಲ್ಲದಿದ್ದರೆ ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆಯಬಹುದು. ಸೆಕೆಂಡಿಗೆ ಹತ್ತು ಲಕ್ಷ ಸಲ ಮಿಡಿಯುವ ಗಡಿಯಾರ ಅಷ್ಟರಲ್ಲಿ ಸುಮಾರು 41,667 ಸಲ ಮಿಡಿದಿರುತ್ತದೆ. ಅದರಲ್ಲಿ ಒಂದು ಹೆಚ್ಚುಕಡಿಮೆಯಾದರೂ ತಪ್ಪು 0.04 ಆರ್‌ಪಿಎಂ ದಾಟದು.

ಹೊಸದಾಗಿ ಕೈಹಾಕುವ ವಿದ್ಯಾರ್ಥಿಗಳು ಒಂದನ್ನು ಮರೆಯಬಾರದು. ಸೆನ್ಸರ್ 24 ವೋಲ್ಟ್‌ನಲ್ಲಿ ನಡೆಯುತ್ತಿದ್ದರೆ ಪುಲ್-ಅಪ್ ಅನ್ನು ಆ 24ಕ್ಕೆ ಕಟ್ಟಿದ ಕ್ಷಣ ಬೋರ್ಡು ಸುಟ್ಟುಹೋಗಬಹುದು. ಕಪ್ಪು ತಂತಿಯನ್ನು ಕೌಂಟರಿಗೆ ಸಿಕ್ಕಿಸುವ ಮುನ್ನ ಶಾಫ್ಟನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ, ಮಲ್ಟಿಮೀಟರಿನಲ್ಲಿ ಸೊನ್ನೆ ಮತ್ತು 5 ವೋಲ್ಟ್ ಎರಡೇ ಕಾಣುತ್ತಿವೆಯೇ ಎಂದು ನೋಡಿಕೊಳ್ಳಿ.