ಹಕ್ಕಿಜ್ವರಕ್ಕೆ ಕೋಳಿ ಕೊಡುವ ಕಡ

ಫ್ಲೂ ವೈರಸ್ಸಿನ ಸ್ವಂತ ಆಸ್ತಿ ಬಲು ಕಡಿಮೆ. ಆರ್‌ಎನ್‌ಎಯ ಎಂಟು ತುಣುಕು, ಬೆರಳೆಣಿಕೆಯಷ್ಟು ಪ್ರೋಟೀನು, ಅಷ್ಟೇ. ಸಂತಾನ ಬೆಳೆಯಬೇಕೆಂದರೆ ಇನ್ನೊಂದು ಜೀವಿಯ ಕೋಶದೊಳಕ್ಕೆ ನುಗ್ಗಿ, ಅಲ್ಲಿನ ಸಾಮಾನನ್ನೇ ಕಡ ತೆಗೆದುಕೊಳ್ಳಬೇಕು. ಆ ಸಾಮಾನು ಒಗ್ಗದಿದ್ದರೆ? ಒಳಹೊಕ್ಕರೂ ಕೆಲಸ ಸಾಗದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ ಆರು ಜನರನ್ನು ಬಲಿ ತೆಗೆದುಕೊಂಡ ಹಕ್ಕಿಜ್ವರ, ಅಷ್ಟು ಉಗ್ರವಾಗಿದ್ದರೂ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹಬ್ಬಲಿಲ್ಲ. ಹಕ್ಕಿ ವೈರಸ್ಸುಗಳಿಗೆ ಎದುರಾಗುವ ಅಡ್ಡಿಗಳಲ್ಲಿ ಈ ಹೊಂದಾಣಿಕೆಯ ಕೊರತೆಯೂ ಒಂದು.

ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುವ ಯಂತ್ರದ ಹೆಸರು ಪಾಲಿಮರೇಸ್. ಅದರ ಮೂರು ಭಾಗಗಳಲ್ಲಿ ಪಿಬಿ2 ಒಂದು. ಹಕ್ಕಿ ವೈರಸ್ಸುಗಳಲ್ಲಿ ಇದರ 627ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಗ್ಲುಟಾಮಿಕ್ ಆಮ್ಲವಿರುತ್ತದೆ. ಅಲ್ಲಿಗೆ ಲೈಸಿನ್ ಬಂದು ಕೂತರೆ ಸಾಕು, ಅದೇ ಯಂತ್ರ ನಮ್ಮ ಕೋಶದಲ್ಲೂ ಚುರುಕಾಗಿ ಓಡುತ್ತದೆ! 1993ರಲ್ಲೇ ಇದು ಗೊತ್ತಾಗಿತ್ತು. ಯಾಕೆ ಹೀಗೆ ಎಂಬುದು ಮಾತ್ರ ಎರಡು ದಶಕ ಒಗಟಾಗಿತ್ತು.

ಎಲ್ಲರೂ ವೈರಸ್ಸನ್ನು ಕೆದಕುತ್ತಿದ್ದರೆ ಉತ್ತರ ಇದ್ದದ್ದು ಕೋಳಿಯಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೆಂಡಿ ಬಾರ್ಕ್ಲೇ ಅವರ ತಂಡ 2016ರಲ್ಲಿ ಎಎನ್‌ಪಿ32ಎ ಎಂಬ ಪ್ರೋಟೀನನ್ನು ಗುರುತಿಸಿತು. ಇದು ನಕಲು ಕಾರ್ಯದಲ್ಲಿ ಎರಡು ಪಾಲಿಮರೇಸ್‌ಗಳನ್ನು ಬೆಸೆಯುವ ಸೇತುವೆ. ಕೋಳಿಯ ಸೇತುವೆಯಲ್ಲಿ ನಮ್ಮದಕ್ಕಿಂತ 33 ಅಮೈನೊ ಆಮ್ಲಗಳು ಹೆಚ್ಚು. ಉದ್ದನೆಯ ಸೇತುವೆಗೆ ಒಗ್ಗಿದ ಹಕ್ಕಿ ವೈರಸ್ಸು ನಮ್ಮ ಗಿಡ್ಡ ಸೇತುವೆಯಲ್ಲಿ ಮುಗ್ಗರಿಸುತ್ತದೆ; ಲೈಸಿನ್ ಬಂದರೆ ಸಂಭಾಳಿಸಿಕೊಳ್ಳುತ್ತದೆ.

ಹಾಗಿದ್ದರೆ ಕೋಳಿಯ ಸೇತುವೆಯನ್ನೇ ಕೆಡಿಸಿದರೆ? ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯ ವಿಜ್ಞಾನಿಗಳು ಇತರರೊಡಗೂಡಿ ಮಾಡಿದ್ದು ಅದನ್ನೇ. ಜೀನ್ ತಿದ್ದಿ, ಎರಡೇ ಅಮೈನೊ ಆಮ್ಲ ಬದಲಿಸಿದ ಕೋಳಿಗಳನ್ನು ಬೆಳೆಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಚ್9ಎನ್2 ವೈರಸ್ಸಿಗೆ ಒಡ್ಡಿದ ಹತ್ತು ಕೋಳಿಗಳಲ್ಲಿ ಒಂಬತ್ತಕ್ಕೆ ಸೋಂಕು ತಗುಲಲಿಲ್ಲ. ಡೋಸನ್ನು ಸಾವಿರ ಪಟ್ಟು ಏರಿಸಿದಾಗ ಮಾತ್ರ ಅರ್ಧದಷ್ಟು ಕೋಳಿಗಳು ಸೋಂಕಿಗೆ ತುತ್ತಾದವು.

ಕಿಲಾಡಿ ವೈರಸ್ಸು ಅಲ್ಲೂ ಸುಮ್ಮನಿರಲಿಲ್ಲ. ತನ್ನ ಪಾಲಿಮರೇಸನ್ನು ಬದಲಿಸಿಕೊಂಡು, ತಿದ್ದಿದ ಸೇತುವೆಯನ್ನೂ ಅದರ ದಾಯಾದಿಗಳಾದ ಎಎನ್‌ಪಿ32ಬಿ, ಎಎನ್‌ಪಿ32ಇಗಳನ್ನೂ ಬಳಸತೊಡಗಿತು. ಪ್ರಯೋಗಾಲಯದಲ್ಲಿ ಕೋಳಿಯ ಕೋಶಗಳಿಂದ ಮೂರನ್ನೂ ತೆಗೆದುಹಾಕಿದಾಗ ವೈರಸ್ಸಿನ ಬೆಳವಣಿಗೆ ನಿಂತಿತು. ಆದರೆ ಈ ಪ್ರೋಟೀನುಗಳು ಇರುವುದು ವೈರಸ್ಸಿನ ಚಾಕರಿಗಲ್ಲವಲ್ಲ. ಕೋಶಕ್ಕೂ ಅವು ಬೇಕು. ಹಾಗಾಗಿ ಮೂರೂ ಬದಲಾದ ಕೋಳಿ ಆರೋಗ್ಯವಾಗಿ ಬೆಳೆದು ಮೊಟ್ಟೆಯಿಟ್ಟೀತೇ ಎಂಬುದನ್ನು ಮೊದಲು ನೋಡಬೇಕು.