ಹಿಗ್ಗುತ್ತಿರುವ ವಿಶ್ವದಲ್ಲಿ ಬೆಳಕಿನ ಪ್ರಯಾಣಕಾಲ

ಇತಿಹಾಸದ ಅಧ್ಯಾಪಕನಾದವನು ಖಗೋಳವಿಷಯವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ದೂರದ ಗೆಲಾಕ್ಸಿಯಿಂದ ಬಂದ ಬೆಳಕೂ ಗತಕಾಲದ ಒಂದು ದಾಖಲೆಯೇ ಆಗಿದೆ. ದಾಖಲೆಯ ಕಾಲನಿರ್ಣಯವಾದರೋ ನಮ್ಮ ಕಸಬು. ‘ಇಷ್ಟು ಕೋಟಿ ಜ್ಯೋತಿರ್ವರ್ಷ ದೂರ, ಆದುದರಿಂದ ಅಷ್ಟೇ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು’ ಎಂದು ತರಗತಿಗಳಲ್ಲಿ ಹೇಳುವುದುಂಟು. ಈ ಮಾತು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಚಲಿಸುತ್ತದೆ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನೇರ ಗೆರೆಯಲ್ಲಿ ಸುಮಾರು 26 ಕಿಲೋಮೀಟರು. ಮೂರು ಮೈಲಿಗೆ ಒಂದರಂತೆ ಎಣಿಸಿದರೆ ಐದೂವರೆ ಹರಿದಾರಿ. ಇದಕ್ಕೆ ಬೆಳಕಿಗೆ ಸೆಕೆಂಡಿನ ಹನ್ನೊಂದು ಸಾವಿರದಲ್ಲೊಂದು ಪಾಲೂ ಬೇಡ. ಇನ್ನು ನರಸೀಪುರದಲ್ಲಿ ನಮ್ಮ ಪುರಾತತ್ತ್ವಜ್ಞರು ಅಗೆದು ಕಂಡ ಹೊಸ ಶಿಲಾಯುಗದ ನೆಲೆಯನ್ನು ನೆನೆಯೋಣ. ಡಾ. ಎಂ. ಶೇಷಾದ್ರಿಯವರ ವರದಿ 1971ರಲ್ಲಿ ಪ್ರಕಟವಾಯಿತು. ಆ ನೆಲೆ ಮೂರು ಸಾವಿರ ವರ್ಷಗಳಿಗೂ ಹಿಂದಿನದು. ಅಲ್ಲಿನ ಜನ ಒಲೆ ಹೊತ್ತಿಸಿದಾಗ ಹೊರಟ ಬೆಳಕು ಇಂದಿಗೂ ಆಕಾಶಗಂಗೆಯೊಳಗೇ ಇದೆ. ಏಕೆಂದರೆ ನಮ್ಮ ಗೆಲಾಕ್ಸಿಯ ಅಡ್ಡಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ.

ನೆರೆಯ ಗೆಲಾಕ್ಸಿಗಳ ವಿಷಯದಲ್ಲಿಯೂ ಹಳೆಯ ಲೆಕ್ಕ ಕೆಡುವುದಿಲ್ಲ. 2023ರ ಮೇ ತಿಂಗಳಲ್ಲಿ ಸಪ್ತರ್ಷಿಮಂಡಲದ ದಿಕ್ಕಿನಲ್ಲಿರುವ ಎಂ 101 ಎಂಬ ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದುದು ಕಂಡಿತು. ಲಡಾಖಿನ ಹಾನ್ಲೆಯಲ್ಲಿರುವ, ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸಲ್ಪಡುವ, ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವೂ ಅದನ್ನು ಅವಲೋಕಿಸಿತು. ಆ ಬೆಳಕು ಹೊರಟು ಸುಮಾರು 2 ಕೋಟಿ 10 ಲಕ್ಷ ವರ್ಷಗಳಾಗಿದ್ದವು. ಅಷ್ಟರಲ್ಲಿ ವಿಶ್ವ ಹಿಗ್ಗಿದುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ.

ಬಹುದೂರದ ಗೆಲಾಕ್ಸಿಗಳಲ್ಲಿ ಸ್ಥಿತಿ ಬೇರೆ. ಅವು ನಿಂತ ದೇಶದಲ್ಲಿ ಓಡಿಹೋಗುತ್ತಿರುವುವಲ್ಲ. ನಡುವಣ ದೇಶವೇ ಹಿಗ್ಗುತ್ತಿದೆ. ನಂಜನಗೂಡಿನಿಂದ ನರಸೀಪುರಕ್ಕೆ ಒಬ್ಬನು ಒಂದೇ ನಡಿಗೆಯಲ್ಲಿ ಹೊರಟನೆಂದೂ, ದಾರಿಯ ಪ್ರತಿಯೊಂದು ಮೊಳವೂ ಸಮನಾಗಿ ಹಿಗ್ಗುತ್ತಿದೆಯೆಂದೂ ಭಾವಿಸೋಣ. ಹೊರಟಾಗ ದಾರಿ ಐದೂವರೆ ಹರಿದಾರಿ. ಮುಂದಿರುವ ದಾರಿ ಹಿಗ್ಗುತ್ತಿರುವುದರಿಂದ ಅವನು ಸುಮಾರು ಎಂಟು ಹರಿದಾರಿ ನಡೆದು ಊರು ಸೇರುತ್ತಾನೆ. ಆದರೆ ನಡೆದು ಬಿಟ್ಟ ದಾರಿಯೂ ಹಿಗ್ಗಿರುವುದರಿಂದ, ತಿರುಗಿ ಅಳೆದರೆ ನಂಜನಗೂಡು ಹನ್ನೊಂದು ಹರಿದಾರಿ ಹಿಂದಿರುತ್ತದೆ! ಈ ಅಂಕಿಗಳನ್ನು ಸುಮ್ಮನೆ ಆಯ್ದುದಲ್ಲ. ಬೆಳಕಿನ ಅಲೆಯ ಉದ್ದ ದಾರಿಯಲ್ಲಿ ಇಮ್ಮಡಿಯಾಗಿ ಬಂದಿದ್ದರೆ ಅದು ಹೊರಟ ಮೇಲೆ ವಿಶ್ವವೂ ಇಮ್ಮಡಿ ಹಿಗ್ಗಿದೆಯೆಂದರ್ಥ. ಅಂತಹ ಗೆಲಾಕ್ಸಿ ಬೆಳಕು ಹೊರಟಾಗ ಸುಮಾರು 550 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು; ಬೆಳಕು ಸುಮಾರು 790 ಕೋಟಿ ವರ್ಷ ಪಯಣಿಸಿತು; ಈಗ ಆ ಗೆಲಾಕ್ಸಿ ಇರುವುದು ಸುಮಾರು 1,100 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಮೂರೂ ಸರಿಯೇ. ‘ಎಷ್ಟು ದೂರ?’ ಎಂದವನನ್ನು ‘ಎಂದಿನ ದೂರ?’ ಎಂದು ಮರುಪ್ರಶ್ನಿಸಬೇಕು. ಶಾಸನದಲ್ಲಿ ರಾಜ್ಯದ ಎಲ್ಲೆಯನ್ನು ಓದುವಾಗ ನಾವು ಮಾಡುವುದೂ ಇದನ್ನೇ ಅಲ್ಲವೆ?

ಅದೇ ಸಪ್ತರ್ಷಿಮಂಡಲದ ದಿಕ್ಕಿನಲ್ಲಿ, 2016ರಲ್ಲಿ ವರದಿಯಾದ ಜಿ.ಎನ್.–ಜೆಡ್ 11 ಎಂಬ ಗೆಲಾಕ್ಸಿಯಿದೆ. ಬೆಳಕು ಹೊರಟಾಗ ಅದು ಕೇವಲ 270 ಕೋಟಿ ಜ್ಯೋತಿರ್ವರ್ಷದಷ್ಟು ದೂರದಲ್ಲಿತ್ತು. ಆದರೂ ಪ್ರಯಾಣಕ್ಕೆ ಹಿಡಿದುದು ಸುಮಾರು 1,340 ಕೋಟಿ ವರ್ಷ. ನರಸೀಪುರದಿಂದ ನಂಜನಗೂಡಿನತ್ತ ಕಪಿಲೆಯ ನೆರೆಯಲ್ಲಿ ಎದುರೀಜುವವನನ್ನು ಊಹಿಸಿಕೊಳ್ಳಿರಿ. ಅವನು ಕೈಬೀಸುತ್ತಲೇ ಇರುತ್ತಾನೆ, ಆದರೂ ಪ್ರವಾಹ ಅವನನ್ನು ಸಂಗಮದ ಕೆಳಕ್ಕೆ ಒಯ್ಯುತ್ತದೆ. ನೆರೆಯ ರಭಸ ತಗ್ಗಿದ ಮೇಲಷ್ಟೇ ಅವನು ಮುಂದುವರಿಯಬಲ್ಲ. ಈ ಬೆಳಕೂ ಹಾಗೆಯೇ ಮೊದಲ ಕೆಲವು ನೂರು ಕೋಟಿ ವರ್ಷ ನಮ್ಮ ಕಡೆಗೆ ಮುಖಮಾಡಿದ್ದೂ ನಮ್ಮಿಂದ ದೂರ ಸರಿಯುತ್ತಿತ್ತು. ಈಗ ಆ ಗೆಲಾಕ್ಸಿ ಸುಮಾರು 3,200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷವಷ್ಟೇ ಆಗಿರಲು ಇದು ಹೇಗೆಂದು ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಬೆಳಕನ್ನು ಯಾವ ಗೆಲಾಕ್ಸಿಯೂ ಓಟದಲ್ಲಿ ಸೋಲಿಸಿಲ್ಲ. ಬೆಳಕು ಹಾದುಬಂದ ದಾರಿ ಅದರ ಬೆನ್ನ ಹಿಂದೆಯೂ ಹಿಗ್ಗಿತು. ವೃತ್ತಪತ್ರಿಕೆಗಳು ಪ್ರಯಾಣಕಾಲವನ್ನೇ ದೂರವೆಂದು ಅಚ್ಚುಹಾಕುವುದರಿಂದ ಈ ಗೊಂದಲ ಬೆಳೆದಿದೆ. ಕಾಲವನ್ನು ವರ್ಷಗಳಲ್ಲಿ ಹೇಳಿ, ದೂರ ಹೇಳುವಾಗ ಯಾವಾಗಿನದೆಂದು ಸೇರಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ದೂರದ ನಕ್ಷತ್ರಸ್ಫೋಟಗಳನ್ನು ಅಳೆದ ಎರಡು ತಂಡಗಳು 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗೋತ್ಕರ್ಷ ಹೊಂದುತ್ತಿರುವುದನ್ನು ತೋರಿಸಿಕೊಟ್ಟವು. ಹೀಗಾಗಿ, ಈಗ ಸುಮಾರು 1,600–1,700 ಕೋಟಿ ಜ್ಯೋತಿರ್ವರ್ಷಗಳಿಗಿಂತ ದೂರವಿರುವ ಗೆಲಾಕ್ಸಿಯಿಂದ ಇಂದು ಹೊರಡುವ ಬೆಳಕು ಎಷ್ಟು ಕಾಲ ಕಾದರೂ ನಮ್ಮನ್ನು ಮುಟ್ಟದು. ಎಂ 101ರ ಇಂದಿನ ದಿನ ಇನ್ನು ಎರಡು ಕೋಟಿ ವರ್ಷಗಳ ಮೇಲೆ ಇಲ್ಲಿ ಕಾಣಿಸೀತು. ಜಿ.ಎನ್.–ಜೆಡ್ 11ರ ಬಾಲ್ಯದ ದಾಖಲೆ ನಮ್ಮ ಕೈಯಲ್ಲಿದೆ; ಅದರ ಇಂದಿನ ದಿನದ ದಾಖಲೆ ಎಂದಿಗೂ ಬಾರದು.